ಮಾಗಿಯಲ್ಲಿ ಮಾಸುವ ಹುಲ್ಲು: ಚಿಕ್ಕಮಗಳೂರಿನ ಗಾಲ್ಫ್ ಮೈದಾನಕ್ಕೆ ನಿಜವಾಗಿ ಬೇಕಾದ ನೀರೆಷ್ಟು?

ಡಿಸೆಂಬರ್ ಬಂತೆಂದರೆ ಗಾಲ್ಫ್ ಮೈದಾನದ ಹುಲ್ಲಿನ ಬಗ್ಗೆ ಒಂದಕ್ಕೊಂದು ಹೊಂದದ ಸುದ್ದಿಗಳು ಬರತೊಡಗುತ್ತವೆ. ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಮೈದಾನಗಳಲ್ಲಿ ಹುಲ್ಲಿಗೆ ಹೊದಿಕೆ ಹೊದಿಸಿ, ವಸಂತದವರೆಗೆ ಆಟ ನಿಲ್ಲಿಸಿದರೆಂದು ಒಂದು ಸುದ್ದಿ ಹೇಳುತ್ತದೆ. ದೆಹಲಿ, ಚಂಡೀಗಡದ ಕಡೆ ಚಳಿಗಾಲಕ್ಕೆಂದೇ ಬೇರೆ ಜಾತಿಯ ಹುಲ್ಲಿನ ಬೀಜ ಬಿತ್ತಿ ಹಸಿರು ಉಳಿಸಿಕೊಳ್ಳುತ್ತಾರೆಂದು ಇನ್ನೊಂದು ಹೇಳುತ್ತದೆ. ಇವುಗಳ ಜೊತೆಗೇ ನಮ್ಮ ರಾಜ್ಯದ ನೀರಿನ ನೆನಪುಗಳೂ ಇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು.

ಇವೆಲ್ಲವನ್ನೂ ಓದಿದ ಚಿಕ್ಕಮಗಳೂರಿನ ಓದುಗರಿಗೆ ಗೊಂದಲವಾಗುವುದು ಸಹಜ. ಕಾಫಿ ತೋಟಗಳ ನಡುವಿನ ಗಾಲ್ಫ್ ಮೈದಾನದ ಹುಲ್ಲು ಜನವರಿಯಲ್ಲಿ ಹಳದಿಗೆ ತಿರುಗಿದರೆ ಅದು ಚಳಿಗೆ ಸಾಯುತ್ತಿದೆ ಎಂದು ತಿಳಿಯಬೇಕೆ? ಅದನ್ನು ಉಳಿಸಲು ನೀರು ಹಾಯಿಸಲೇಬೇಕೆ? ಹಾಯಿಸುವುದಾದರೆ ಎಷ್ಟು, ಎಲ್ಲಿಗೆ, ಯಾವ ನೀರು? ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಮೊದಲು ಆ ಹುಲ್ಲು ಯಾವುದೆಂದು ತಿಳಿಯಬೇಕು.

ಗರಿಕೆಯ ಮನೆತನ

ನಮ್ಮ ಕಡೆಯ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ಹೆಸರಿಗೆ ಮಾತ್ರ ಪರದೇಶದ್ದು. ಅದು ಗಣಪತಿಗೆ ಏರಿಸುವ ಗರಿಕೆಯೇ. ಹೊಲದಲ್ಲಿ ಎಷ್ಟು ಕಿತ್ತರೂ ಗೆಣ್ಣಿನಿಂದ ಮತ್ತೆ ಚಿಗುರಿ ರೈತನನ್ನು ಸುಸ್ತು ಮಾಡುವ ಹುಲ್ಲೂ ಅದೇ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿ ಅಭಿವೃದ್ಧಿಪಡಿಸಿದ, ಈ ಸಾಮಾನ್ಯ ಗರಿಕೆ ಮತ್ತು ದಕ್ಷಿಣ ಆಫ್ರಿಕಾದ ಸಣ್ಣೆಲೆಯ ಗರಿಕೆಯ ಮಿಶ್ರತಳಿಯಾದ ಟಿಫ್‌ವೇ 1960ರಲ್ಲಿ ಬಳಕೆಗೆ ಬಂದಿತು. ಅದೇ ಕೇಂದ್ರದಿಂದ ಟಿಫ್‌ಡ್ವಾರ್ಫ್ 1965ರಲ್ಲಿ ಹೊರಬಂದಿತು. ಈ ಮಿಶ್ರತಳಿಗಳು ಬೀಜ ಕಟ್ಟುವುದಿಲ್ಲವಾದ್ದರಿಂದ ಗೆಣ್ಣಿರುವ ತುಂಡುಗಳನ್ನು ನೆಟ್ಟೇ ಹಬ್ಬಿಸಬೇಕು. ಒಮ್ಮೆ ಸತ್ತರೆ ಬೀಜ ಎರಚಿ ಸರಿಪಡಿಸುವ ದಾರಿ ಇಲ್ಲದಿರುವುದರಿಂದಲೇ ಮೈದಾನ ನೋಡಿಕೊಳ್ಳುವವರಿಗೆ ಅದರ ಮೇಲೆ ಅಷ್ಟು ಆತಂಕ.

ಗರಿಕೆ ಬಿಸಿಲಿನ ಹುಲ್ಲು. 27ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಬೆಳೆಯುತ್ತದೆ. ಮಣ್ಣಿನ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಇನ್ನೂ ತಣ್ಣಗಾಗಿ 10 ಡಿಗ್ರಿಯ ಆಸುಪಾಸಿಗೆ ಬಂದರೆ ಎಲೆಯ ಹಸಿರು ಹೋಗಿ, ಜೀವವೆಲ್ಲ ಗೆಣ್ಣು ಮತ್ತು ಬೇರಿಗೆ ಇಳಿದು, ಹುಲ್ಲು ನಿದ್ದೆಗೆ ಜಾರುತ್ತದೆ. ನೀರಿನ ಕೊರತೆ ಬಂದಾಗಲೂ ಗರಿಕೆ ಇದೇ ಉಪಾಯ ಮಾಡುತ್ತದೆ. ಮುಂದಿನ ವಾದವೆಲ್ಲ ನಿಂತಿರುವುದು ಈ ಕೊನೆಯ ಸಂಗತಿಯ ಮೇಲೆ.

ಚಳಿ ಎಲ್ಲೆಡೆ ಒಂದೇ ಅಲ್ಲ

ಹಿಮ ಬೀಳುವ ನಾಡುಗಳಲ್ಲಿ ಹುಲ್ಲನ್ನು ಕೊಲ್ಲುವುದು ಬರಿಯ ತಣ್ಣನೆಯ ಗಾಳಿಯಲ್ಲ. ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ನೆಲದ ಮೇಲೆ ಮಂಜುಗಡ್ಡೆಯ ಮುಚ್ಚಳ ಹಾಕಿದಂತಾದಾಗ ಕೆಳಗಿನ ಹುಲ್ಲಿಗೆ ಉಸಿರು ಕಟ್ಟುತ್ತದೆ. ಅಲ್ಲಿನ ಗ್ರೀನ್‌ಗಳಲ್ಲಿ, ಅಂದರೆ ಚೆಂಡು ಬೀಳಿಸುವ ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸಿನಲ್ಲಿರುವ ಪೋವಾ ಎಂಬ ಹುಲ್ಲು ಅಂಥ ಮುಚ್ಚಳದಡಿ ಎರಡು ತಿಂಗಳು ಕಳೆಯುವುದೇ ಕಷ್ಟ, ಬೆಂಟ್ ಹುಲ್ಲಾದರೋ ನಾಲ್ಕು ತಿಂಗಳವರೆಗೂ ತಡೆದುಕೊಳ್ಳಬಲ್ಲದು. ಹೊದಿಕೆ, ಹಿಮ ಗುಡಿಸುವಿಕೆ, ಶಿಲೀಂಧ್ರನಾಶಕದ ಸಿಂಪಡಣೆ ಎಲ್ಲವೂ ಆ ಪರಿಸ್ಥಿತಿಗೆ ಹುಟ್ಟಿದ ಉಪಾಯಗಳು.

ದೆಹಲಿಯಲ್ಲಿ ಹಿಮವಿಲ್ಲ, ಆದರೆ ಜನವರಿಯ ರಾತ್ರಿಗಳು 7-8 ಡಿಗ್ರಿಗೆ ಇಳಿಯುವುದರಿಂದ ಗರಿಕೆ ನಿಜವಾಗಿಯೇ ಮಲಗುತ್ತದೆ. ಅದಕ್ಕಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಅದರ ಮೇಲೆಯೇ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿರುವ ಚಿಕ್ಕಮಗಳೂರು ಪಟ್ಟಣದ ಸುತ್ತ ಮಾತ್ರ ಮಾಗಿಯ ರಾತ್ರಿಗಳು ಸಾಮಾನ್ಯವಾಗಿ 13ರಿಂದ 15 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ, ಮಧ್ಯಾಹ್ನ 27-28 ಡಿಗ್ರಿಗೆ ಏರುತ್ತದೆ. ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಳ್ಳುವ ಮಣ್ಣು ರಾತ್ರಿಯ ಗಾಳಿಯಷ್ಟು ತಣ್ಣಗಾಗುವುದಿಲ್ಲ. ಆದ್ದರಿಂದ ಇಲ್ಲಿ ಗರಿಕೆಯ ಓಟ ನಿಧಾನವಾಗುತ್ತದೆಯೇ ಹೊರತು ಚಳಿಯೊಂದರಿಂದಲೇ ಅದು ಪೂರ್ತಿ ಮಲಗುವುದಿಲ್ಲ. ಜನವರಿ-ಫೆಬ್ರುವರಿಯಲ್ಲಿ ಮೈದಾನ ಹಳದಿಯಾದರೆ ಅದಕ್ಕೆ ಮುಖ್ಯ ಕಾರಣ ನವೆಂಬರ್ ನಂತರ ನಿಂತುಹೋದ ಮಳೆ, ಒಣ ಗಾಳಿ, ಮೋಡವಿಲ್ಲದ ಬಿಸಿಲು.

ರೈ ಬಿತ್ತನೆಯನ್ನು ಇಲ್ಲಿಗೂ ತರಬೇಕೆಂಬ ಮಾತು ಈ ಕಾರಣಕ್ಕೇ ಬಿದ್ದುಹೋಗಬೇಕು. ರೈ ಬೀಜ ಮೊಳೆಯಲು ದಿನವೂ ಹಲವು ಬಾರಿ ನೀರು ಬೇಕು. ಅದೂ ಮಳೆ ನಿಂತ ಮೇಲೆ. ಮಾರ್ಚ್‌ನಲ್ಲಿ ಗರಿಕೆ ಮೇಲೇಳಬೇಕಾದ ಹೊತ್ತಿಗೆ ರೈ ಅದರ ಬೆಳಕನ್ನೂ ನೀರನ್ನೂ ಕಿತ್ತುಕೊಂಡು, ಬಿಸಿಲೇರಿದಾಗ ತಾನೂ ಸತ್ತು ತೇಪೆಗಳನ್ನು ಬಿಟ್ಟುಹೋಗುತ್ತದೆ.

ಇಬ್ಬನಿ, ನೆರಳು, ಕಾಲ್ತುಳಿತ

ಹಾಗಾದರೆ ಇಲ್ಲಿನ ಚಳಿಗಾಲ ಹುಲ್ಲಿಗೆ ಏನೂ ಮಾಡುವುದಿಲ್ಲವೆಂದಲ್ಲ. ಮೋಡವಿಲ್ಲದ ರಾತ್ರಿ ನೆಲದ ಶಾಖ ನೇರವಾಗಿ ಆಕಾಶಕ್ಕೆ ಹೋಗುವುದರಿಂದ ಎಲೆಗಳು ಗಾಳಿಗಿಂತಲೂ ತಣ್ಣಗಾಗಿ ದಟ್ಟವಾಗಿ ಇಬ್ಬನಿ ಕೂರುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಗ್ರೀನ್ ಒಂದರ ಅಂಚಿನಲ್ಲಿ ಕೂತು ನೋಡಿದರೆ ಪ್ರತಿ ಎಲೆಯ ತುದಿಯಲ್ಲೂ ಒಂದು ದುಂಡನೆಯ ಹನಿ ಕಾಣುತ್ತದೆ. ಆ ತುದಿಯ ಹನಿಯಲ್ಲಿ ಬಹುಪಾಲು ಆಕಾಶದಿಂದ ಬಂದದ್ದಲ್ಲ. ರಾತ್ರಿ ಬೇರು ಮೇಲೆ ತಳ್ಳಿದ ರಸವು ಎಲೆಯ ತುದಿಯಿಂದ ಒಸರಿ ನಿಂತಿರುವುದು. ಅದರಲ್ಲಿ ಸಕ್ಕರೆಯ ಅಂಶವಿದ್ದು, ಶಿಲೀಂಧ್ರಕ್ಕೆ ಅದು ಹೇಳಿ ಮಾಡಿಸಿದ ಆಹಾರ. ಹತ್ತು-ಹನ್ನೆರಡು ಗಂಟೆ ಎಲೆ ಒದ್ದೆಯಾಗಿಯೇ ಉಳಿದು, ಹಗಲು ಹಿತವಾಗಿ ಬೆಚ್ಚಗೂ ಇದ್ದರೆ ಡಾಲರ್ ಸ್ಪಾಟ್ ಎಂಬ ರೋಗ ಕಾಣಿಸಿಕೊಳ್ಳುತ್ತದೆ. ಬೆಳ್ಳಿ ನಾಣ್ಯದಷ್ಟಗಲದ, ಒಣಹುಲ್ಲಿನ ಬಣ್ಣದ ಚುಕ್ಕೆಗಳು ಮೊದಲು ಅಲ್ಲೊಂದು ಇಲ್ಲೊಂದು ಮೂಡಿ, ಬಳಿಕ ಒಂದರೊಳಗೊಂದು ಸೇರಿ ಹರಡುತ್ತವೆ. ನಸುಕಿನಲ್ಲಿ ನೋಡಿದರೆ ಆ ಚುಕ್ಕೆಗಳ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳಿರುತ್ತವೆ, ಬಿಸಿಲು ಬಿದ್ದ ಕೂಡಲೇ ಮಾಯವಾಗುತ್ತವೆ.

ಇದಕ್ಕೆ ಮೊದಲ ಮದ್ದು ಖರ್ಚಿಲ್ಲದ್ದು. ಬೆಳಿಗ್ಗೆ ಉದ್ದನೆಯ ಕೋಲಿನಿಂದಲೋ, ಇಬ್ಬರು ಎರಡು ತುದಿ ಹಿಡಿದು ಎಳೆಯುವ ಪೈಪಿನಿಂದಲೋ ಇಬ್ಬನಿಯನ್ನು ಕೊಡವಿದರೆ ಎಲೆ ಎರಡು-ಮೂರು ಗಂಟೆ ಮೊದಲೇ ಆರುತ್ತದೆ. ಎರಡನೆಯದು, ಸಂಜೆ ನೀರು ಹಾಯಿಸುವುದನ್ನು ಬಿಡುವುದು. ಸಂಜೆಯ ನೀರು ಒದ್ದೆಯ ಅವಧಿಯನ್ನು ಎರಡೂ ಕಡೆಯಿಂದ ಹಿಗ್ಗಿಸುತ್ತದೆ. ಬೆಳಗಿನ ಜಾವ ಹಾಯಿಸಿದ ನೀರು ಎಲೆಯ ಮೇಲಿನ ಅಂಟನ್ನು ತೊಳೆದು, ಬಿಸಿಲಿಗೆ ಬೇಗ ಆರುತ್ತದೆ. ಇಷ್ಟನ್ನು ಮಾಡದೆ ಶಿಲೀಂಧ್ರನಾಶಕಕ್ಕೆ ಕೈಹಾಕುವುದು ಸರಿಯಲ್ಲ, ಅದರಲ್ಲೂ ಈ ಜಿಲ್ಲೆಯ ಹಳ್ಳಗಳ ನೀರು ಯಗಚಿ, ಹೇಮಾವತಿ, ಭದ್ರಾ ಸೇರಿ ಕೆಳಗಿನ ಊರುಗಳ ಕುಡಿಯುವ ನೀರಾಗುವಾಗ.

ನೆರಳಿನ ಸಂಗತಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಚಿಕ್ಕಮಗಳೂರಿರುವುದು ಭೂಮಧ್ಯರೇಖೆಯಿಂದ ಸುಮಾರು 13.3 ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಯ ವಾರ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಮರದ ನೆರಳು ಮರದ ಬುಡದಲ್ಲೇ. ಆದರೆ ಡಿಸೆಂಬರ್ 21ರ ಸುಮಾರಿಗೆ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ 53 ಡಿಗ್ರಿಯಷ್ಟೇ ಏರುತ್ತಾನೆ. 25 ಮೀಟರ್ ಎತ್ತರದ ಒಂದು ಸಿಲ್ವರ್ ಓಕ್ ಮರ ಗ್ರೀನ್‌ನ ದಕ್ಷಿಣ ಅಂಚಿನಲ್ಲಿದ್ದರೆ ನಡುಮಧ್ಯಾಹ್ನವೂ ಅದರ ನೆರಳು ಉತ್ತರಕ್ಕೆ 18 ಮೀಟರಿಗೂ ಹೆಚ್ಚು ದೂರ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಬಿಸಿಲಿನ ಹುಲ್ಲಾದ ಗರಿಕೆಗೆ ಹಗಲು ಚಿಕ್ಕದಾಗುವ ಕಾಲದಲ್ಲಿಯೇ ಈ ನೆರಳೂ ಬೀಳುವುದರಿಂದ, ಬೇಸಿಗೆಯಲ್ಲಿ ದಟ್ಟವಾಗಿದ್ದ ಅದೇ ಗ್ರೀನ್ ಜನವರಿಯಲ್ಲಿ ತೆಳುವಾಗುತ್ತದೆ. ಅಲ್ಲಿಗೆ ಎಷ್ಟು ನೀರು, ಎಷ್ಟು ಗೊಬ್ಬರ ಸುರಿದರೂ ಉಪಯೋಗವಿಲ್ಲ. ಕೆಲವು ಕೊಂಬೆಗಳನ್ನು ಮಳೆಗಾಲಕ್ಕೆ ಮೊದಲೇ ಸವರಿ, ಅಂದರೆ ತೋಟದವರು ಮರಗಸಿ ಮಾಡುವ ಹಾಗೆ, ಬೆಳಕಿಗೆ ದಾರಿ ಬಿಡಬೇಕು. ಮರ ಕಡಿಯುವ ಮಾತು ಬೇಕಿಲ್ಲ.

ಇನ್ನು ಕಾಲ್ತುಳಿತ. ಪ್ರವಾಸಿಗರು ಹೆಚ್ಚು ಬರುವುದು ಕ್ರಿಸ್‌ಮಸ್‌ನಿಂದ ಸಂಕ್ರಾಂತಿಯವರೆಗೆ, ಹುಲ್ಲು ತನ್ನ ಗಾಯ ಮಾಯಿಸಿಕೊಳ್ಳಲು ಹೆಚ್ಚು ದಿನ ತೆಗೆದುಕೊಳ್ಳುವುದೂ ಆಗಲೇ. ಮಳೆಗಾಲ ಮುಗಿದ ಹೊಸದರಲ್ಲಿ ವಾರದಲ್ಲಿ ಮುಚ್ಚಿಕೊಳ್ಳುವ ಚೆಂಡಿನ ಗುರುತಿಗೆ ಈಗ ಮೂರು ವಾರ ಬೇಕಾಗಬಹುದು. ಆದ್ದರಿಂದ ಗುಳಿಯ ಜಾಗವನ್ನು ದಿನವೂ ಬದಲಿಸುವುದು, ಗಾಡಿಗಳನ್ನು ದಾರಿಯ ಮೇಲೆಯೇ ಓಡಿಸುವುದು, ಮೂರು ಮಿಲಿಮೀಟರಿಗೆ ಕತ್ತರಿಸುತ್ತಿದ್ದ ಗ್ರೀನನ್ನು ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಎತ್ತರಕ್ಕೆ ಬಿಡುವುದು ಮುಖ್ಯ. ಒಂದು ಮಿಲಿಮೀಟರ್ ಏನು ಮಹಾ ಎನ್ನಿಸಬಹುದು. ಮೂರು ಮಿಲಿಮೀಟರ್ ಎಲೆಗೆ ಅದು ಮೂರನೇ ಒಂದು ಪಾಲು ಹೆಚ್ಚು ಹಸಿರು, ಅಂದರೆ ಬೇರಿಗೆ ಅಷ್ಟು ಹೆಚ್ಚು ಅನ್ನ. ಚೆಂಡು ತುಸು ನಿಧಾನವಾಗಿ ಉರುಳುತ್ತದೆ ಎಂಬ ದೂರನ್ನು ಆಟಗಾರರು ಎರಡು ತಿಂಗಳು ಸಹಿಸಿಕೊಳ್ಳಬೇಕಾಗುತ್ತದೆ.

ಕಾಯಿಲೆಯ ಮೂಲ ಮಳೆಗಾಲದಲ್ಲಿ

ಜನವರಿಯಲ್ಲಿ ಕಾಣುವ ಹಾನಿಯ ದೊಡ್ಡ ಪಾಲು ಜುಲೈನಲ್ಲಿ ಶುರುವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಬಿಸಿಲು ಕಾಣದೆ, ನೆಲ ನೀರುಂಡು, ಯಂತ್ರ ಮತ್ತು ಕಾಲುಗಳ ಭಾರಕ್ಕೆ ಮಣ್ಣು ಗಟ್ಟಿಯಾಗಿ, ಬೇರು ಮೇಲಿನ ಎರಡು ಇಂಚಿನಲ್ಲೇ ಉಳಿದುಬಿಡುತ್ತದೆ. ಹಾಗೆ ಮೇಲೆಯೇ ಉಳಿದ ಬೇರಿಗೆ ಡಿಸೆಂಬರ್‌ನ ಒಣಹವೆ ವಾರದೊಳಗೆ ತಟ್ಟುತ್ತದೆ. ಆಳಕ್ಕೆ ಇಳಿದ ಬೇರು ಅದೇ ಹವೆಯನ್ನು ತಿಂಗಳುಗಟ್ಟಲೆ ತಾಳಿಕೊಳ್ಳುತ್ತದೆ.

ಇದರ ಜೊತೆಗೆ ಗೊಣ್ಣೆಹುಳು. ಮುಂಗಾರಿಗೆ ಬರುವ ಜೀರುಂಡೆಗಳು ಮಣ್ಣಿನಲ್ಲಿಟ್ಟ ಮೊಟ್ಟೆಯಿಂದ ಹೊರಬಂದ ಈ ಬಿಳಿ ಹುಳುಗಳು ಮಳೆಗಾಲದ ಕೊನೆಯ ಹೊತ್ತಿಗೆ ಬೇರನ್ನೆಲ್ಲ ತಿಂದು ಮುಗಿಸಿರುತ್ತವೆ. ನೆಲದಲ್ಲಿ ತೇವ ಇರುವವರೆಗೆ ಹುಲ್ಲು ಹಸಿರಾಗಿಯೇ ಇರುತ್ತದೆ. ಮಳೆ ನಿಂತ ಮೇಲೆ ಒಂದು ದಿನ ದಿಢೀರನೆ ಬಾಡುತ್ತದೆ, ಕೈಯಿಂದ ಎಳೆದರೆ ಚಾಪೆಯಂತೆ ಎದ್ದುಬರುತ್ತದೆ. ಹುಳುವಿನ ಆಸೆಗೆ ಕಾಡುಹಂದಿಗಳು ರಾತ್ರಿ ಬಂದು ಮೂತಿಯಿಂದ ನೆಲ ಉತ್ತುಹೋಗುವುದೂ ಉಂಟು. ಇದನ್ನು ನೋಡಿ ಚಳಿ ಹೊಡೆದಿದೆ ಎಂದು ನೀರು ಬಿಟ್ಟರೆ, ಬೇರೇ ಇಲ್ಲದ ಹುಲ್ಲಿಗೆ ನೀರು ಬಿಟ್ಟಂತಾಗುತ್ತದೆ.

ಹಾಗಾಗಿ ಚಳಿಗಾಲದ ರಕ್ಷಣೆಯ ಕೆಲಸ ಮುಗಿದಿರಬೇಕಾದದ್ದು ಅಕ್ಟೋಬರ್ ಮತ್ತು ನವೆಂಬರ್ ಮೊದಲ ವಾರದೊಳಗೆ. ಆಗ ಬಿಸಿಲು ಮರಳಿರುತ್ತದೆ, ನೆಲದಲ್ಲಿ ತೇವ ಇರುತ್ತದೆ, ಮಣ್ಣು ಬೆಚ್ಚಗಿರುತ್ತದೆ. ನೆಲಕ್ಕೆ ತೂತು ಹೊಡೆದು ಮಣ್ಣಿನ ಸಣ್ಣ ಉರುಳೆಗಳನ್ನು ಹೊರತೆಗೆಯುವುದು, ಆ ತೂತುಗಳಿಗೆ ಮರಳು ತುಂಬುವುದು, ಪೊಟ್ಯಾಷ್ ಕೊಡುವುದು ಎಲ್ಲವೂ ಆಗಲೇ ಆಗಬೇಕು. ಮರಳಿಗೆ ಬದಲಾಗಿ ಎಂ-ಸ್ಯಾಂಡ್ ಬಳಸುವುದಾದರೆ ಅದರ ಧೂಳನ್ನು ತೊಳೆದು ತೆಗೆಯದಿದ್ದರೆ ತೆಗೆದ ತೂತನ್ನು ನಾವೇ ಮುಚ್ಚಿದಂತೆ. ಡಿಸೆಂಬರ್‌ನಲ್ಲಿ ಹಸಿರು ಬರಲೆಂದು ಯೂರಿಯಾ ಎರಚುವುದು ದೊಡ್ಡ ತಪ್ಪು. ಎಳೆಯ ಚಿಗುರು ರೋಗಕ್ಕೂ ಒಣಹವೆಗೂ ಬೇಗ ತುತ್ತಾಗುತ್ತದೆ. ಬಣ್ಣವೇ ಬೇಕಿದ್ದರೆ ಎಲೆಯ ಮೇಲೆ ಸ್ವಲ್ಪ ಕಬ್ಬಿಣದ ಸಲ್ಫೇಟ್ ಸಿಂಪಡಿಸಿದರೆ ಬೆಳವಣಿಗೆಯನ್ನು ಕೆರಳಿಸದೆ ಹಸಿರು ಬರುತ್ತದೆ.

ನೀರಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ 4,047 ಲೀಟರ್. ಚಳಿಗಾಲದಲ್ಲಿ ಹುಲ್ಲನ್ನು ಹಸಿರಾಗಿಡಲು ದಿನಕ್ಕೆ ಮೂರು ಮಿಲಿಮೀಟರ್ ಬೇಕೆಂದು ಹಿಡಿಯೋಣ. 18 ಗುಳಿಗಳ ಮೈದಾನ ನೂರು ಎಕರೆ ದಾಟಿದರೂ, ಒಂದೊಂದು ಗ್ರೀನ್ 5,500 ಚದರಡಿ ಎಂದುಕೊಂಡರೆ ಹದಿನೆಂಟೂ ಸೇರಿ ಎರಡೂಕಾಲು ಎಕರೆಯಷ್ಟೇ. ಆಟ ಶುರುಮಾಡುವ ಟೀಗಳನ್ನು ಸೇರಿಸಿದರೆ ನಾಲ್ಕು ಎಕರೆ ಎನ್ನೋಣ. ನಡುವೆ ಚಾಚಿರುವ ಫೇರ್‌ವೇಗಳು 40 ಎಕರೆ ಎಂದಿಟ್ಟುಕೊಳ್ಳೋಣ.

ಆಗ ಗ್ರೀನ್ ಮತ್ತು ಟೀಗಳಿಗೆ 90 ದಿನಗಳಲ್ಲಿ ಬೇಕಾಗುವುದು ಸುಮಾರು 44 ಲಕ್ಷ ಲೀಟರ್. ಫೇರ್‌ವೇಗಳನ್ನೂ ಅಷ್ಟೇ ಹಸಿರಾಗಿಡುವುದಾದರೆ ಅದಕ್ಕೇ 4.37 ಕೋಟಿ ಲೀಟರ್. ಇದನ್ನು ಕಾಫಿ ಬೆಳೆಗಾರರ ಭಾಷೆಯಲ್ಲಿ ಹೇಳುವುದಾದರೆ, ಫೆಬ್ರುವರಿ-ಮಾರ್ಚ್‌ನಲ್ಲಿ ರೊಬಸ್ಟಾ ಹೂ ಅರಳಿಸಲು ಎಕರೆಗೆ ಒಂದು ಇಂಚು ಸ್ಪ್ರಿಂಕ್ಲರ್ ಹೊಡೆದರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು ನೀರು ಬೇಕು. ಫೇರ್‌ವೇಗಳ ಹಸಿರಿಗೆ ಹೋಗುವ ನೀರು 425 ಎಕರೆ ರೊಬಸ್ಟಾಕ್ಕೆ ಒಂದು ಇಂಚು ಹೊಡೆಯುವಷ್ಟು. ಹೂಮಳೆ ಕೈಕೊಟ್ಟ ವರ್ಷ ಹಳ್ಳದಲ್ಲಿ ಪಂಪು ಇಟ್ಟು ಕಾಯುವ ಬೆಳೆಗಾರ ಆಟದ ಬಯಲಿನ ಹಸಿರನ್ನು ನೋಡಿ ನೊಂದರೆ, ಆ ನೋವಿಗೆ ಲೆಕ್ಕದ ಆಧಾರವಿದೆ.

ಫೇರ್‌ವೇ ಗರಿಕೆಯನ್ನು ಹಸಿರಾಗಿಡುವ ಬದಲು ಬರೀ ಜೀವಂತವಾಗಿಡುವುದಾದರೆ ನಾಲ್ಕು ವಾರಕ್ಕೊಮ್ಮೆ 12 ಮಿಲಿಮೀಟರಿನಷ್ಟು ನೀರು ಸಾಕಾಗುತ್ತದೆ. ಮೂರು ಸಲಕ್ಕೆ 58 ಲಕ್ಷ ಲೀಟರ್. ಗ್ರೀನ್‌ಗಳದ್ದೂ ಸೇರಿ ಒಟ್ಟು ಒಂದು ಕೋಟಿ ಲೀಟರಿನ ಆಸುಪಾಸು, ಅಂದರೆ ಎಲ್ಲವನ್ನೂ ಹಸಿರಾಗಿಡುವ ಲೆಕ್ಕದ ಐದನೇ ಒಂದು ಪಾಲು.

ಎರಡು ಕಡೆಯ ವಾದ

ಮೈದಾನ ನಡೆಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಆದಾಯದ ಕಾಲ ಚಳಿಗಾಲವೇ. ಹುಲ್ಲು ಕತ್ತರಿಸುವವರು, ಆಟಗಾರರ ಚೀಲ ಹೊರುವ ಕ್ಯಾಡಿಗಳು, ಅಡುಗೆಮನೆಯವರು ಎಲ್ಲರ ಸಂಬಳ ಆ ಎರಡು ತಿಂಗಳ ಮೇಲೆ ನಿಂತಿರುತ್ತದೆ. ದೂರದಿಂದ ಬಂದ ಆಟಗಾರ ಕಂದು ಬಯಲನ್ನು ಕಂಡು ಮತ್ತೆ ಬಾರದಿದ್ದರೆ ನಷ್ಟ ಇವರೆಲ್ಲರದ್ದು. ಟಿವಿಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಕಾಣುವ ಅಮೆರಿಕದ ಅಗಸ್ಟಾ ಮೈದಾನದ ಹಸಿರೇ ಎಲ್ಲರ ಕಣ್ಣಲ್ಲಿ ಕೂತಿದೆ. ಆದರೆ ಆ ಹಸಿರು ಕೂಡ ಗರಿಕೆಯ ಮೇಲೆ ವರ್ಷವರ್ಷವೂ ಬಿತ್ತಿದ ರೈ ಹುಲ್ಲಿನದ್ದು, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಆ ಮೈದಾನವನ್ನು ಮುಚ್ಚಿಡುತ್ತಾರೆ. ಅದೇ ದೇಶದ ಪೈನ್‌ಹರ್ಸ್ಟ್‌ನಲ್ಲಿ 2014ರ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ನಡೆದದ್ದು ಅಂಚುಗಳೆಲ್ಲ ಕಂದಾಗಿದ್ದ, ನೀರು ಕಡಿಮೆ ಮಾಡಿದ್ದ ಮೈದಾನದಲ್ಲಿ. ಅಗಸ್ಟಾದ ಹಸಿರಿನಷ್ಟು ಈ ಚಿತ್ರ ನಮ್ಮಲ್ಲಿ ಪ್ರಚಾರವಾಗಲಿಲ್ಲ.

ಇನ್ನೊಂದು ಕಡೆಯವರು ಮೈದಾನಕ್ಕೆ ಒಂದು ಹನಿಯೂ ಬೇಡ ಎನ್ನುತ್ತಾರೆ. ಹಿರೇಕೊಳಲೆ ಕೆರೆ ಮತ್ತು ಯಗಚಿಯ ನೀರನ್ನು ನಂಬಿರುವ ಪಟ್ಟಣ, ಅದೇ ಜಿಲ್ಲೆಯಲ್ಲಿ ಬರವನ್ನೇ ಉಂಡು ಬೆಳೆದ ಕಡೂರು ಸೀಮೆ, ಇವುಗಳ ನಡುವೆ ಆಟಕ್ಕೆ ನೀರು ಕೊಡುವುದು ಅನ್ಯಾಯವೆಂಬುದು ಅವರ ನಿಲುವು. ಕುಡಿಯುವ ನೀರು ಮತ್ತು ಹೊಸ ಕೊಳವೆಬಾವಿಯ ವಿಷಯದಲ್ಲಿ ಇದು ಪೂರ್ತಿ ಸರಿ. 2011ರ ರಾಜ್ಯದ ಅಂತರ್ಜಲ ಕಾಯ್ದೆಯೂ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯಲು ಬಿಡುವುದಿಲ್ಲ. ಆದರೆ ಗ್ರೀನ್‌ಗಳ 44 ಲಕ್ಷ ಲೀಟರನ್ನೂ ಇದೇ ಮಾತಿಗೆ ಕಟ್ಟಿಹಾಕಿದರೆ ಲೆಕ್ಕ ತಪ್ಪುತ್ತದೆ. ನಲವತ್ತು ಮೀಟರ್ ಉದ್ದ, ಅಷ್ಟೇ ಅಗಲ, ಮೂರೂವರೆ ಮೀಟರ್ ಆಳದ ಒಂದು ಹೊಂಡ ಮಳೆಗಾಲದಲ್ಲಿ ತುಂಬಿ, ನೀರು ಇಂಗದಂತೆ ತಳಕ್ಕೆ ಹಾಳೆ ಹಾಸಿದ್ದರೆ, ಬಿಸಿಲಿಗೆ ಆರಿಹೋಗುವುದನ್ನು ಕಳೆದ ಮೇಲೂ ಅಷ್ಟು ನೀರು ಅದರಲ್ಲಿ ಉಳಿಯುತ್ತದೆ. ಬೆಳೆಗಾರರ ತೋಟದ ಹೊಂಡಗಳನ್ನು ಕಂಡವರಿಗೆ ಇದು ದೊಡ್ಡದೇನಲ್ಲ.

ಮುಂದೆ ಆಗಬಹುದಾದದ್ದು

ಫೇರ್‌ವೇಗೆ ಬೇಕಾದ ಉಳಿದ ನೀರಿಗೆ ಸಂಸ್ಕರಿಸಿದ ತ್ಯಾಜ್ಯ ನೀರು ದಾರಿಯಾಗಬಹುದು. ಅದರಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ. ಆದರೆ ಗರಿಕೆ ಉಪ್ಪನ್ನು ಬಹಳಷ್ಟು ತಡೆದುಕೊಳ್ಳುತ್ತದೆ, ಇಲ್ಲಿನ ಮುಂಗಾರು ವರ್ಷಕ್ಕೊಮ್ಮೆ ಮಣ್ಣನ್ನು ತೊಳೆದುಬಿಡುತ್ತದೆ. ಬಯಲುಸೀಮೆಯ ಮೈದಾನಗಳಿಗೆ ಈ ಅನುಕೂಲ ಇಲ್ಲ. ಇದೇನೂ ಆಗದೆ ಎಲ್ಲವನ್ನೂ ಹಸಿರಾಗಿಡುವ ಹಟ ಮುಂದುವರಿದರೆ, ಮಳೆ ಕಡಿಮೆಯಾದ ಒಂದು ವರ್ಷ ಜಿಲ್ಲಾಡಳಿತ ನಿರ್ಬಂಧ ಹೇರುವುದು ಖಚಿತ. ಆಗ ದಿನವೂ ಸ್ವಲ್ಪಸ್ವಲ್ಪ ನೀರು ಕುಡಿದು ಬೇರನ್ನು ಮೇಲೆಯೇ ಬಿಟ್ಟುಕೊಂಡ ಹುಲ್ಲು ಒಮ್ಮೆಲೇ ಒಣಗಿ, ಗ್ರೀನ್‌ಗಳೂ ಸೇರಿ ಹೋಗುತ್ತವೆ. ಮೊದಲಿನಿಂದಲೂ ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಂತೆ ನೀರುಂಡ ಹುಲ್ಲು ಅಂಥ ವರ್ಷವನ್ನೂ ದಾಟುತ್ತದೆ.

ಮೈದಾನದವರು ವಾರಕ್ಕೆ ಎಷ್ಟು ಲೀಟರ್, ಯಾವ ಮೂಲದಿಂದ ಎಂಬುದನ್ನು ಬಾಗಿಲಲ್ಲೇ ಬರೆದು ಹಾಕಿದರೆ ಸುತ್ತಲಿನ ಊರುಗಳೊಂದಿಗಿನ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಸತ್ತಿದೆಯೋ, ಮಲಗಿದೆಯೋ

ಉಳಿದಿರುವ ಆತಂಕ ಒಂದೇ. ಕಂದಾಗಿರುವ ಹುಲ್ಲು ಮತ್ತೆ ಬರದೇ ಹೋದರೆ? ಇದನ್ನು ತಿಳಿಯಲು ಏಪ್ರಿಲ್‌ವರೆಗೆ ಕಾಯಬೇಕಿಲ್ಲ. ಎಲೆಯ ಬಣ್ಣವನ್ನು ಬಿಟ್ಟು, ನೆಲದ ಮಟ್ಟದಲ್ಲಿ ಹರಡಿರುವ ಬಳ್ಳಿಯ ಒಂದು ಗೆಣ್ಣನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಬೆಳ್ಳಗೆ, ಬಿಗಿಯಾಗಿದ್ದರೆ ಜೀವವಿದೆ, ಕಂದಾಗಿ ಪಟ್ಟನೆ ಮುರಿದರೆ ಇಲ್ಲ. ಅನುಮಾನ ಉಳಿದರೆ ಜನವರಿ ಕೊನೆಯಲ್ಲಿ ಫೇರ್‌ವೇಯ ನಾಲ್ಕೈದು ಜಾಗದಿಂದ ಅಂಗೈಯಗಲದ, ನಾಲ್ಕು ಇಂಚು ಆಳದ ಹೆಂಟೆಗಳನ್ನು ಬೇರುಸಹಿತ ಕಿತ್ತು, ಯಾವ ಜಾಗದ್ದೆಂದು ಗುರುತು ಹಾಕಿ, ಬಿಸಿಲು ಬೀಳುವ ಕಡೆ ತಟ್ಟೆಯಲ್ಲಿಟ್ಟು ದಿನಕ್ಕೊಂದು ಲೋಟ ನೀರು ಹಾಕಬೇಕು. ಜೀವವಿರುವ ಗೆಣ್ಣು ಎರಡು ವಾರದೊಳಗೆ ಚಿಗುರುತ್ತದೆ. ಚಿಗುರದ ಹೆಂಟೆ ಬಂದ ಜಾಗಕ್ಕಷ್ಟೇ ಮುಂಗಾರಿನ ಮೊದಲ ಮಳೆಗೆ ಹೊಸ ತುಂಡುಗಳನ್ನು ನೆಟ್ಟರಾಯಿತು.